ಎಡೆದೊರೆಯ ದಾರಿಗೆ ಒಪ್ಪುವ ಹ್ಯಾಂಡಲ್

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಅದರ ಅರ್ಥ. ರಾಯಚೂರು ನಗರ, ಅದರ ವಾಯವ್ಯಕ್ಕೆ ಸುಮಾರು 55 ಕಿ.ಮೀ. ದೂರದ ದೇವದುರ್ಗ ಮತ್ತು ನೈಋತ್ಯಕ್ಕೆ ಸುಮಾರು 45 ಕಿ.ಮೀ. ದೂರದ ಮಾನ್ವಿ ಈ ನಾಡಿನ ಮೂರು ನೆಲೆಗಳು. ಸಾಮ್ರಾಟ ಅಶೋಕನ ಹೆಸರನ್ನೇ ಹೇಳುವ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ, ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ, ಕೃಷ್ಣೆಯ ದಂಡೆಯ ತಿಂಥಣಿ, ತುಂಗಭದ್ರೆಯಾಚೆಯ ಮಂತ್ರಾಲಯ ಇವೆಲ್ಲವೂ ಇಲ್ಲಿಂದ ಒಂದು ದಿನದ ಸವಾರಿಯ ಅಳತೆಯೊಳಗೇ ಇರುವುದರಿಂದ, ಹಿರಿಯರು ಇಂದಿಗೂ ಫಟಫಟಿ ಎಂದು ಕರೆಯುವ ಮೋಟಾರ್ ಸೈಕಲ್ಲನ್ನೇ ದೂರದ ಪ್ರಯಾಣಕ್ಕೆ ನೆಚ್ಚಿಕೊಂಡವರಿಗೆ ಈ ಪ್ರದೇಶದಲ್ಲಿ ದಾರಿಗಳ ಕೊರತೆಯಿಲ್ಲ. ಆದರೆ ಅದೇ ದಾರಿಗಳು ಸವಾರನ ಅಂಗೈ, ಮಣಿಕಟ್ಟು ಮತ್ತು ಭುಜಗಳನ್ನು ಪರೀಕ್ಷೆಗೆ ಒಡ್ಡುತ್ತವೆ, ಮತ್ತು ಆ ಪರೀಕ್ಷೆಯಲ್ಲಿ ಸೋತವರು ಬಹುಮಟ್ಟಿಗೆ ಮೊದಲು ಬದಲಿಸಲು ಹೊರಡುವುದು ಗಾಡಿಯ ಹ್ಯಾಂಡಲನ್ನು.

ಹ್ಯಾಂಡಲ್ ಎಂಬುದು ಎರಡು ತುದಿಗೆ ಗ್ರಿಪ್ ತೊಡಿಸಿ ಬಾಗಿಸಿದ ಒಂದು ಟೊಳ್ಳು ಕೊಳವೆ ಮಾತ್ರವೆಂದು ತೋರಿದರೂ, ದಿಕ್ಕು ತಿರುಗಿಸುವ ಸನ್ನೆ, ಮೈಭಾರದ ಒಂದು ಪಾಲನ್ನು ಹೊರುವ ಆಸರೆ, ಕ್ಲಚ್, ಬ್ರೇಕ್, ಎಕ್ಸಲೇಟರ್‌ಗಳ ನೆಲೆ, ರಸ್ತೆಯ ಸುದ್ದಿಯನ್ನು ಕೈಗೆ ಮುಟ್ಟಿಸುವ ವಾಹಕ ಎಂಬ ನಾಲ್ಕು ಕೆಲಸಗಳನ್ನು ಅದು ಏಕಕಾಲಕ್ಕೆ ಮಾಡುತ್ತದೆ. ಆದ್ದರಿಂದ ಬದಲಿ ಹ್ಯಾಂಡಲಿನ ಆಯ್ಕೆಯು ಅಂಗಡಿಯ ಗೋಡೆಗೆ ತೂಗುಹಾಕಿದ ಹೊಳಪಿನ ಸಾಲಿನಿಂದಲ್ಲದೆ, ಸವಾರನ ಮೈಯ ಅಳತೆಯಿಂದಲೂ ಅವನು ದಿನವೂ ತುಳಿಯುವ ದಾರಿಯ ಗುಣದಿಂದಲೂ ಆರಂಭವಾಗಬೇಕು.

ನಾಲ್ಕು ಅಳತೆಗಳು

ಹ್ಯಾಂಡಲನ್ನು ವಿವರಿಸಲು ನಾಲ್ಕು ಅಳತೆಗಳು ಸಾಕು. ಮೊದಲನೆಯದು ಅಗಲ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಅಳೆದ ದೂರ. ಎರಡನೆಯದು ಏರು, ಫೋರ್ಕಿನ ತಲೆಯ ಮೇಲೆ ಹ್ಯಾಂಡಲನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿನ ಮಟ್ಟದಿಂದ ಗ್ರಿಪ್ ಎಷ್ಟು ಮೇಲಿದೆ ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಹಿಂಬಾಗು, ಅಂದರೆ ಗ್ರಿಪ್ಪಿನ ತುದಿ ಕ್ಲ್ಯಾಂಪಿಗಿಂತ ಎಷ್ಟರಮಟ್ಟಿಗೆ ಸವಾರನ ಕಡೆಗೆ ಬಂದಿದೆ ಎಂಬ ದೂರ. ನಾಲ್ಕನೆಯದು ಕ್ಲ್ಯಾಂಪ್ ಕಚ್ಚುವ ನಡುಭಾಗದ ವ್ಯಾಸ. ಇದು ಸಾಮಾನ್ಯವಾಗಿ 22.2 ಮಿ.ಮೀ., ಅಂದರೆ ಒಂದು ಇಂಚಿನ ಎಂಟರಲ್ಲಿ ಏಳು ಭಾಗ ಇರುತ್ತದೆ. ನಡುವೆ ದಪ್ಪವಾಗಿ ತುದಿಗೆ ತೆಳ್ಳಗಾಗುತ್ತ ಹೋಗುವ ಬಗೆಯಲ್ಲಿ 28.6 ಮಿ.ಮೀ. ಇರುತ್ತದೆ; ಕೆಲವು ಅಮೆರಿಕನ್ ಮಾದರಿಯ ಭಾರಿ ಗಾಡಿಗಳಲ್ಲಿ ಒಂದು ಇಂಚು, ಅಂದರೆ 25.4 ಮಿ.ಮೀ. ಕಾಣುತ್ತದೆ. ಮೊದಲ ಮೂರು ಅಳತೆಗಳಲ್ಲಿ ಸವಾರನ ಇಷ್ಟಕ್ಕೆ ಎಡೆಯಿದೆ, ನಾಲ್ಕನೆಯದರಲ್ಲಿ ಇಲ್ಲ. ವ್ಯಾಸ ಹೊಂದದ ಹ್ಯಾಂಡಲಿಗೆ ತಗಡು ಸುತ್ತಿ ಕೂರಿಸುವುದು ಪ್ರಾಣದೊಡನೆ ಆಡುವ ಕೆಲಸ.

ಅಗಲದ ಪರಿಣಾಮವನ್ನು ಸರಳ ಲೆಕ್ಕವೊಂದು ತೋರಿಸುತ್ತದೆ. 740 ಮಿ.ಮೀ. ಅಗಲದ ಹ್ಯಾಂಡಲಿನ ಬದಲು 820 ಮಿ.ಮೀ. ಅಗಲದ್ದನ್ನು ಹಾಕಿದರೆ ನಡುವಿನಿಂದ ಕೈಗೆ ಇರುವ ದೂರ 370ರಿಂದ 410 ಮಿ.ಮೀ.ಗೆ ಏರುತ್ತದೆ, ಸನ್ನೆಯ ನಿಯಮದಂತೆ ಅಷ್ಟೇ ತಿರುಗಿಸಲು ಬೇಕಾದ ಬಲ ಸುಮಾರು ಹತ್ತನೆಯ ಒಂದು ಭಾಗ ಇಳಿಯುತ್ತದೆ. ಮರಳು, ಕೆಸರು, ಕಿತ್ತ ಜಲ್ಲಿಯ ಮೇಲೆ ನಿಧಾನವಾಗಿ ಸಾಗುವವರಿಗೆ ಇದು ದೊಡ್ಡ ಲಾಭ. ಆದರೆ ಅದೇ ಪ್ರಮಾಣದಲ್ಲಿ ಕೈ ಚಲಿಸಬೇಕಾದ ದೂರ ಹೆಚ್ಚುತ್ತದೆ, ತೋಳುಗಳು ಅಗಲಿ ಎದೆ ಗಾಳಿಗೆ ತೆರೆದುಕೊಳ್ಳುತ್ತದೆ, ಮತ್ತು ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಕಿರಿದಾದ ಮೈಕಟ್ಟಿನವರ ಹೊರಗೈ ಗ್ರಿಪ್ಪನ್ನು ಮುಟ್ಟಲು ಒದ್ದಾಡುತ್ತದೆ. ರಾಯಚೂರಿನ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸುವವರಿಗೆ ಆ ಕೊನೆಯ ನಾಲ್ಕು ಬೆರಳಿನ ದೂರ ಮುಖ್ಯವಾಗುತ್ತದೆ.

ಏರಿನ ವಿಷಯದಲ್ಲಿ ರೈಸರ್ ಎಂಬ ಬಿಡಿಭಾಗವನ್ನೂ ಗಣಿಸಬೇಕು. ಇದು ಹಳೆಯ ಹ್ಯಾಂಡಲನ್ನೇ ಉಳಿಸಿಕೊಂಡು ಕ್ಲ್ಯಾಂಪಿನ ಕೆಳಗೆ ಇಡುವ ಎತ್ತುಗಟ್ಟೆ. ಫೋರ್ಕ್ ನೆಟ್ಟಗಿರದೆ ಹಿಂದಕ್ಕೆ ವಾಲಿರುವುದರಿಂದ, ಅದರ ನೇರದಲ್ಲೇ ಎತ್ತರ ಕೊಡುವ ರೈಸರ್ ಹ್ಯಾಂಡಲನ್ನು ಮೇಲಕ್ಕಷ್ಟೇ ಅಲ್ಲದೆ ಹಿಂದಕ್ಕೂ ತರುತ್ತದೆ. ವಾಲು 26 ಡಿಗ್ರಿಯಿದ್ದರೆ 25 ಮಿ.ಮೀ. ರೈಸರ್ ಸುಮಾರು 22 ಮಿ.ಮೀ. ಮೇಲಕ್ಕೂ 11 ಮಿ.ಮೀ. ಹಿಂದಕ್ಕೂ ಒಯ್ಯುತ್ತದೆ. ಹಲವರ ತೊಂದರೆಗೆ ಇಷ್ಟೇ ಪರಿಹಾರ ಸಾಕಾಗುತ್ತದೆ.

ಬೆರಳುಗಳು ಹೇಳುವ ದೂರು

ಯಾವ ಅಳತೆ ತಪ್ಪಿದೆ ಎಂಬುದನ್ನು ಬೆರಳುಗಳೇ ಬಹುಮಟ್ಟಿಗೆ ಹೇಳುತ್ತವೆ. ಅಂಗೈಯ ಕಿರುಬೆರಳಿನ ಕಡೆಯ ಬುಡದಲ್ಲಿ ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಹ್ಯಾಂಡಲ್ ತೀರ ತಗ್ಗಾಗಿಯೋ ದೂರವಾಗಿಯೋ ಇದ್ದು ಮೈಭಾರ ಅಂಗೈಯ ಮೇಲೆ ಬಿದ್ದಾಗ ಈ ನರ ಒತ್ತಿ ಕಿರುಬೆರಳು ಮತ್ತು ಉಂಗುರಬೆರಳು ಜುಮ್ಮೆನ್ನುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಹೋಗುವ ಮೀಡಿಯನ್ ನರ ಮಣಿಕಟ್ಟಿನ ನಡುವಿನ ಕಿರಿದಾದ ದಾರಿಯಲ್ಲಿ ಸಾಗುವುದರಿಂದ, ಮಣಿಕಟ್ಟು ಗಂಟೆಗಟ್ಟಲೆ ಮೇಲಕ್ಕೋ ಕೆಳಕ್ಕೋ ಮಡಿದಿದ್ದರೆ ಆ ಬೆರಳುಗಳು ಮರಗಟ್ಟುತ್ತವೆ. ಮೊದಲನೆಯ ದೂರಿಗೆ ಏರು ಅಥವಾ ಹಿಂಬಾಗು ಹೆಚ್ಚಿಸುವುದು ಮದ್ದಾದರೆ, ಎರಡನೆಯದಕ್ಕೆ ಹೊಸ ಹ್ಯಾಂಡಲೇ ಬೇಕಿಲ್ಲ. ಇರುವ ಹ್ಯಾಂಡಲನ್ನು ಕ್ಲ್ಯಾಂಪಿನಲ್ಲಿ ತುಸು ಉರುಳಿಸಿ, ಮುಂಗೈಯ ಗೆರೆಯಲ್ಲೇ ಬೆರಳುಗಳು ಲಿವರಿನ ಮೇಲೆ ಬೀಳುವಂತೆ ಲಿವರನ್ನು ತಿರುಗಿಸಿದರೆ ಸಾಕಾಗಬಹುದು. ಇಳಿದು ನಿಂತ ಮೇಲೂ ಜೋಮು ಹೋಗದಿದ್ದರೆ ಅದು ವೈದ್ಯರ ಬಳಿ ಹೋಗಬೇಕಾದ ವಿಷಯ.

ಕೂರುವ ಭಂಗಿ ಗಾಡಿಯ ಸ್ವಭಾವವನ್ನೇ ಹೇಗೆ ಬದಲಿಸುತ್ತದೆ ಎಂಬುದಕ್ಕೆ ರಾಯಲ್ ಎನ್‌ಫೀಲ್ಡ್ 2018ರ ನವೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ ಜೋಡಿ ಗಾಡಿಗಳು ಒಳ್ಳೆಯ ನಿದರ್ಶನ. ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಎರಡಕ್ಕೂ 648 ಸಿ.ಸಿ.ಯ ಅದೇ ಅವಳಿ ಸಿಲಿಂಡರ್ ಎಂಜಿನ್ ಇದ್ದರೂ, ಮೊದಲನೆಯದಕ್ಕೆ ಅಡ್ಡಪಟ್ಟಿಯಿರುವ ಅಗಲವಾದ ಎತ್ತರದ ಹ್ಯಾಂಡಲನ್ನೂ, ಎರಡನೆಯದಕ್ಕೆ ಫೋರ್ಕಿನ ಕೊಳವೆಗಳಿಗೇ ಬಿಗಿಯುವ, ಕ್ಲಿಪ್-ಆನ್ ಎಂದು ಕರೆಯಲಾಗುವ ತಗ್ಗು ಹಿಡಿಗಳನ್ನೂ ಕೊಡಲಾಗಿದೆ. ಪಾದ ಇಡುವ ಕಡ್ಡಿಗಳೂ ಅದಕ್ಕೆ ತಕ್ಕಂತೆ ಹಿಂದೆ ಸರಿದಿವೆ. ಒಂದರ ಮೇಲೆ ಸವಾರ ನೆಟ್ಟಗೆ ಕುಳಿತು ಸುತ್ತಲ ಹೊಲ ನೋಡುತ್ತ ಸಾಗಿದರೆ, ಇನ್ನೊಂದರ ಮೇಲೆ ಮುಂದಕ್ಕೆ ಬಾಗಿ ರಸ್ತೆಯ ಮೇಲೇ ಕಣ್ಣು ನೆಡುತ್ತಾನೆ. ಹ್ಯಾಂಡಲ್ ಮಾತ್ರ ಬದಲಿಸಿ ಸೀಟು ಮತ್ತು ಪಾದಕಡ್ಡಿಗಳನ್ನು ಮರೆತರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬ ಪಾಠವೂ ಇದರಲ್ಲಿದೆ.

ಮೈಯ ಅಳತೆ ತೆಗೆಯಲು ಸಮತಟ್ಟಾದ ನೆಲ, ಒಬ್ಬ ಸಹಾಯಕ ಮತ್ತು ಒಂದು ಟೇಪು ಇದ್ದರೆ ಆಯಿತು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪ್ರಯಾಣದಲ್ಲಿ ತೊಡುವ ಜಾಕೆಟ್ಟು, ಕೈಗವಸುಗಳನ್ನೇ ತೊಟ್ಟು, ಬೆನ್ನು ತನಗೆ ಹಿತವಾಗುವಷ್ಟೇ ಮುಂದಕ್ಕೆ ವಾಲಿಸಿ ಸವಾರ ಕಣ್ಣು ಮುಚ್ಚಿ ಕೂರಬೇಕು. ಭುಜ ಸಡಿಲಿಸಿ, ಮೊಣಕೈ ತುಸು ಮಡಿಸಿ, ಹ್ಯಾಂಡಲ್ ಇದೆಯೆಂಬುದನ್ನು ಮರೆತು ಕೈಗಳನ್ನು ಮುಂದಕ್ಕೆ ತಂದು ಮುಷ್ಟಿ ಕಟ್ಟಬೇಕು. ಆ ಮುಷ್ಟಿಗಳು ಗಾಳಿಯಲ್ಲಿ ನಿಂತ ಜಾಗವೇ ಗ್ರಿಪ್ ಇರಬೇಕಾದ ಜಾಗ. ಈಗಿನ ಗ್ರಿಪ್ಪಿನಿಂದ ಅದು ಎಷ್ಟು ಮೇಲೆ, ಎಷ್ಟು ಹಿಂದೆ, ಎಷ್ಟು ಒಳಗೆ ಇದೆಯೆಂದು ಸಹಾಯಕ ಅಳೆದರೆ ಮೂರು ಅಂಕಿಗಳು ಸಿಗುತ್ತವೆ. ಅವು 20 ಮಿ.ಮೀ. ಒಳಗೇ ಇದ್ದರೆ ಹೊಸ ಹ್ಯಾಂಡಲಿನ ಯೋಚನೆಗೂ ಮುಂಚೆ ಇರುವುದನ್ನೇ ಉರುಳಿಸಿ ನೋಡುವುದು ಜಾಣತನ.

ಎರೆನೆಲದ ರಸ್ತೆ

ಈ ನಾಡಿನ ದಾರಿಗಳ ಗುಣಕ್ಕೆ ಕಾರಣ ಅವುಗಳ ಅಡಿಯ ಮಣ್ಣು. ರಾಯಚೂರು ಜಿಲ್ಲೆಯ ಬಹುಭಾಗವನ್ನು ಆವರಿಸಿರುವ ಎರೆಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿ ಖನಿಜಗಳು ಹೆಚ್ಚಾಗಿರುವುದರಿಂದ, ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ನೆಲ ತನ್ನ ಮೇಲಿನ ಡಾಂಬರನ್ನು ಅಲೆಯಂತೆ ಏರಿಳಿಸುತ್ತದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಹರಿದ ಮೇಲೆ ನೆಲದ ತೇವ ಹೆಚ್ಚಿದೆ. ಭತ್ತದ ಗದ್ದೆಗಳಲ್ಲಿ ಕೆಸರು ಹದಮಾಡಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್‌ಗಳನ್ನು ಬಿಚ್ಚದೆ ರಸ್ತೆಗೆ ತಂದಾಗ ಡಾಂಬರಿನ ಮೇಲೆ ಸಾಲು ಸಾಲು ಕಚ್ಚುಗಳು ಮೂಡುತ್ತವೆ. ಹೀಗೆ ಉದ್ದದ ಅಲೆ, ಸಣ್ಣ ಕಚ್ಚು, ಹಳ್ಳಿಹಳ್ಳಿಗೂ ಇರುವ ರಸ್ತೆ ಉಬ್ಬು ಎಂಬ ಮೂರು ಬಗೆಯ ಪೆಟ್ಟುಗಳು ಒಂದೇ ಪ್ರಯಾಣದಲ್ಲಿ ಹ್ಯಾಂಡಲಿಗೆ ಬೀಳುತ್ತವೆ.

ಉಬ್ಬು ದಾಟುವಾಗ ಅನುಭವಿಗಳು ಪಾದಕಡ್ಡಿಯ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಮೇಲೇಳುತ್ತಾರೆ. ಹ್ಯಾಂಡಲ್ ತೀರ ತಗ್ಗಾಗಿದ್ದರೆ ಹೀಗೆ ಎದ್ದಾಗ ಸೊಂಟ ಬಾಗಿ ಬೆನ್ನಿಗೆ ಪೆಟ್ಟು, ತೀರ ಎತ್ತರವಾಗಿ ಹಿಂದಕ್ಕೆ ಬಂದಿದ್ದರೆ ಹೊಟ್ಟೆಗೇ ತಾಗುವ ಅಡ್ಡಿ. ಕಲ್ಮಲಾದಲ್ಲಿ ಕವಲೊಡೆದು ಗಬ್ಬೂರು, ದೇವದುರ್ಗಗಳ ಮೂಲಕ ತಿಂಥಣಿ ಸೇತುವೆಗೆ ಸಾಗುವ ದಾರಿಯ ಸವಾರರಿಗೆ, ಕುಳಿತಾಗಲೂ ಎದ್ದಾಗಲೂ ಒಪ್ಪುವ ಮಧ್ಯಮ ಏರು, ಕಡಿಮೆ ಹಿಂಬಾಗು, ಮಧ್ಯಮ ಅಗಲ ಇರುವ ಹ್ಯಾಂಡಲೇ ಹೆಚ್ಚು ಹೊಂದುತ್ತದೆ. ಕೈಗಳು ಭುಜಕ್ಕಿಂತ ಮೇಲೆ ತೂಗುವಂತಿರುವ, ಏಪ್ ಹ್ಯಾಂಗರ್ ಎಂಬ ಹೆಸರಿನ ಹ್ಯಾಂಡಲುಗಳು ಎಷ್ಟೇ ಕಣ್ಸೆಳೆದರೂ ಇಲ್ಲಿ ಸಲ್ಲವು. ರಕ್ತ ಇಳಿದು ಕೈ ಬೇಗ ದಣಿಯುತ್ತದೆ, ಹಿಂದೆ ಸವಾರಿಯೂ ಸಾಮಾನೂ ಇದ್ದಾಗ ಮೊದಲೇ ಹಗುರವಾದ ಮುಂಚಕ್ರದ ಮೇಲಿನ ಭಾರ ಇನ್ನಷ್ಟು ಕಡಿಮೆಯಾಗಿ ಹಿಡಿತ ತಪ್ಪುತ್ತದೆ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದೆಗೆ ಬೀಳುವ ಒತ್ತಡ 90ಕ್ಕೆ ಏರುವಾಗ ಎರಡೂಕಾಲು ಪಟ್ಟಾಗುತ್ತದೆ. ಮರದ ಮರೆಯಿಲ್ಲದ ಈ ಬಯಲಿನಲ್ಲಿ ಮುಂಗಾರಿನ ಪಡುವಣ ಗಾಳಿ ಎದುರು ಬೀಸುವಾಗ, ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಸವಾರ ಹ್ಯಾಂಡಲನ್ನು ಹಿಡಿದುಕೊಂಡಿರುವುದಕ್ಕಿಂತ ಅದಕ್ಕೆ ಜೋತುಬಿದ್ದಿರುತ್ತಾನೆ ಎಂದರೂ ತಪ್ಪಾಗದು. ಮಹಬೂಬ್‌ನಗರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 167ರಲ್ಲಿ ಒಂದೇ ವೇಗದಲ್ಲಿ ದೂರ ಸಾಗುವವರು ಆದ್ದರಿಂದಲೇ ತುಸು ತಗ್ಗಿನ, ತುಸು ಕಿರಿದಾದ ಹ್ಯಾಂಡಲನ್ನು ಆರಿಸಿಕೊಳ್ಳಬಹುದು.

ರಸ್ತೆಯ ಪೆಟ್ಟಿನ ಜೊತೆಗೆ ಎಂಜಿನ್ನಿನ ನಡುಕವೂ ಕೈಗೆ ಬರುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಿಸ್ಟನ್ನಿನ ಮೇಲುಕೆಳಗಿನ ಓಟ ಸೆಕೆಂಡಿಗೆ 50 ಬಾರಿ ಚೌಕಟ್ಟನ್ನು ಅಲುಗಿಸುತ್ತದೆ, ಮತ್ತು ಹ್ಯಾಂಡಲಿನ ಸಹಜ ಕಂಪನ ಅದಕ್ಕೆ ಹತ್ತಿರವಾಗಿದ್ದರೆ ನಡುಕ ಹಲವು ಪಟ್ಟು ಬಲಿಯುತ್ತದೆ. ಕಾರ್ಖಾನೆಗಳು ಹ್ಯಾಂಡಲಿನ ತುದಿಗೆ ಸಣ್ಣ ಕಬ್ಬಿಣದ ತೂಕಗಳನ್ನು ಕೂರಿಸುವುದು ಚೆಂದಕ್ಕಲ್ಲ, ಈ ಸಹಜ ಕಂಪನವನ್ನು ಬೇರೆಡೆಗೆ ಸರಿಸಲು. ಕೈಗೆ ಬರುವ ಕಂಪನವನ್ನು ಐರೋಪ್ಯ ಒಕ್ಕೂಟ ದುಡಿಮೆಯ ಅಪಾಯವೆಂದೇ ಪರಿಗಣಿಸಿ, ಎಂಟು ಗಂಟೆಗಳ ದುಡಿಮೆಗೆ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ವೇಗೋತ್ಕರ್ಷ ಮೀರಿದರೆ ಕ್ರಮ ಕೈಗೊಳ್ಳಬೇಕೆಂದು 2002ರಲ್ಲಿ ನಿಯಮ ಮಾಡಿದೆ. ಹಾಗಾಗಿ ಹೊಸ ಹ್ಯಾಂಡಲ್ ಕೊಳ್ಳುವವರು ಹಳೆಯ ತೂಕಗಳು ಅದರ ತುದಿಗೆ ಹೊಂದುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಉಕ್ಕೋ, ಅಲ್ಯೂಮಿನಿಯಮೋ

ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಆದರೆ ಅದರ ಬಿಗಿತ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಈ ಕೊರತೆಯನ್ನು ತುಂಬಲೆಂದೇ ಅಲ್ಯೂಮಿನಿಯಂ ಹ್ಯಾಂಡಲುಗಳ ನಡುಭಾಗವನ್ನು ದಪ್ಪ ಮಾಡುತ್ತಾರೆ. ಸರಳಿನ ಬಿಗಿತ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 22.2ರ ಬದಲು 28.6 ಮಿ.ಮೀ. ಆದಾಗ ಗಟ್ಟಿ ಸರಳೊಂದರ ಬಿಗಿತ ಸುಮಾರು 2.75 ಪಟ್ಟಾಗುತ್ತದೆ. ಆದರೆ ದಪ್ಪ ಹ್ಯಾಂಡಲಿಗೆ ಕ್ಲ್ಯಾಂಪನ್ನೂ ಬದಲಿಸಬೇಕು, ಖರ್ಚು ಏರುತ್ತದೆ.

ದೂರದ ಸವಾರನಿಗೆ ಇದಕ್ಕಿಂತ ಮುಖ್ಯವಾದದ್ದು ಲೋಹ ಸೋಲುವ ಬಗೆ. ಉಕ್ಕಿಗೆ ಒಂದು ಸಹನೆಯ ಗಡಿಯಿದೆ. ಅದಕ್ಕಿಂತ ಕಡಿಮೆ ಬಲದ ಪೆಟ್ಟು ಎಷ್ಟು ಸಲ ಬಿದ್ದರೂ ಅದು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಗಡಿಯಿಲ್ಲ, ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತ ಹೋಗುತ್ತವೆ. ಗಾಡಿ ಬಿದ್ದಾಗ ಉಕ್ಕಿನ ಹ್ಯಾಂಡಲ್ ಬಾಗುವುದು ಕಣ್ಣಿಗೆ ಕಾಣುತ್ತದೆ ಮತ್ತು ಅದರಿಂದಲೇ ಹೇಗೋ ಊರು ಮುಟ್ಟಬಹುದು. ಅಲ್ಯೂಮಿನಿಯಂ ಒಳಗೊಳಗೇ ಬಿರುಕು ಬಿಟ್ಟು ಇನ್ನೊಂದು ದಿನ ಮುರಿಯಬಹುದು. ಮುಂದಿನ ಗ್ಯಾರೇಜು ಎಷ್ಟೋ ಹಳ್ಳಿಗಳಾಚೆ ಇರುವ ದಾರಿಯಲ್ಲಿ ಸಾಗುವವರಿಗೆ ಒಳ್ಳೆಯ ಉಕ್ಕಿನ ಹ್ಯಾಂಡಲೇ ನಂಬಿಗಸ್ತ ಸಂಗಾತಿ. ಬಾಗಿದ ಹ್ಯಾಂಡಲನ್ನು ಪೈಪು ತೂರಿಸಿ ನೇರಮಾಡಿಸುವ ರೂಢಿ ಉಕ್ಕಿನಲ್ಲಿ ತಾತ್ಕಾಲಿಕ ಉಪಾಯವಷ್ಟೇ, ಅಲ್ಯೂಮಿನಿಯಮ್ಮಿನಲ್ಲಿ ಎಂದೂ ಸಲ್ಲದು.

ತಯಾರಕರೇ ಇಲ್ಲವಾದ ಗಾಡಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಕನ್ನಡ ನಾಡಿನ ಹಲವು ಮನೆಗಳಲ್ಲಿ ಜಾವಾ, ಯೆಜ್ಡಿ ಗಾಡಿಗಳು ಪ್ರೀತಿಯಿಂದ ಉಳಿದಿವೆ, ಮತ್ತು ಆ ಹಳೆಯ ಗಾಡಿಗಳಿಗೆ ಬಿಡಿಭಾಗ ಹುಡುಕುವವರು ಕಣ್ಣು ಕೈಗಳನ್ನೇ ನಂಬಬೇಕಾಗುತ್ತದೆ. ಕೊಳವೆಯ ತುದಿಯಲ್ಲಿ ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಇದೆಯೇ, ಬಾಗಿನ ಒಳಮೈಯಲ್ಲಿ ಸುಕ್ಕು ಬಿದ್ದಿದೆಯೇ, ಕ್ಲ್ಯಾಂಪ್ ಕಚ್ಚುವ ಕಡೆ ಜಾರದಂತೆ ಕೊರೆದ ಗೀರುಗಳಿವೆಯೇ, ಗಾಜಿನ ಮೇಲೆ ಇಟ್ಟಾಗ ಎರಡೂ ತುದಿ ಒಂದೇ ಮಟ್ಟದಲ್ಲಿ ಕೂರುತ್ತವೆಯೇ ಎಂಬ ನಾಲ್ಕು ಪರೀಕ್ಷೆಗಳಿಗೆ ಐದು ನಿಮಿಷ ಸಾಕು.

ವೈರು, ಪೈಪು, ಸ್ವಿಚ್ಚು

ಹ್ಯಾಂಡಲ್ ಎತ್ತರವಾದರೆ ಅದಕ್ಕೆ ಅಂಟಿಕೊಂಡ ಎಲ್ಲವೂ ಉದ್ದವಾಗಬೇಕು: ಕ್ಲಚ್ ವೈರು, ಎಕ್ಸಲೇಟರ್ ವೈರು, ಡಿಸ್ಕ್ ಬ್ರೇಕಿನ ಪೈಪು, ಸ್ವಿಚ್ಚುಗಳ ವೈರಿಂಗು. ಇವುಗಳಲ್ಲಿ ಬ್ರೇಕಿನದೇ ಸೂಕ್ಷ್ಮ ವಿಷಯ. 125 ಸಿ.ಸಿ. ಮೀರಿದ ಗಾಡಿಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದಲೂ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದಲೂ, ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಅಂಥ ಗಾಡಿಯ ಪೈಪನ್ನು ಬದಲಿಸಿದರೆ ಕೀಲಿನ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಿ, ಒಳಗೆ ಸೇರಿದ ಗಾಳಿಯನ್ನು ಪೂರ್ತಿ ಬಿಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಬಹುಕಾಲ ತೆರೆದಿಟ್ಟ ಡಬ್ಬಿಯದನ್ನು ಬಳಸಬಾರದು.

ಜೋಡಣೆ ಮುಗಿದ ಮೇಲೆ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಗಾಡಿಯನ್ನು ಬಯಲಿನಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಎಕ್ಸಲೇಟರನ್ನು ಮುಟ್ಟದೆ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಬೇಕು. ಎಲ್ಲಾದರೂ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ವೈರು ಬಿಗಿಯಾಗಿದೆ ಎಂದರ್ಥ. ಹಾಗೆಯೇ ರಸ್ತೆಗೆ ತಂದರೆ ತಿರುವಿನ ನಡುವೆ ಗಾಡಿ ತಾನೇ ಮುನ್ನುಗ್ಗುತ್ತದೆ. ಜೊತೆಗೆ ಎರಡೂ ತುದಿಗಳಲ್ಲಿ ಹ್ಯಾಂಡಲೋ ಲಿವರೋ ಟ್ಯಾಂಕಿಗೆ ತಾಗಿ ಹೆಬ್ಬೆರಳು ಸಿಕ್ಕಿಬೀಳುವುದೇ ಎಂದೂ ನೋಡಬೇಕು. ಸ್ವಿಚ್ ಬಾಕ್ಸಿನ ಒಳಗಿನ ಗುಬಟು ಕೂರಲು ಹ್ಯಾಂಡಲಿನಲ್ಲಿ ತೂತು ಬೇಕಾದರೆ, ಕೋನವನ್ನು ಪೂರ್ತಿ ನಿಶ್ಚಯಿಸಿದ ಮೇಲೆ ಒಮ್ಮೆ ಮಾತ್ರ ಕೊರೆಯಬೇಕು. ತಪ್ಪಿ ಕೊರೆದ ಪ್ರತಿ ತೂತೂ ಕೊಳವೆಯ ಬಲ ಕುಂದಿಸುತ್ತದೆ. ಬೋಲ್ಟುಗಳನ್ನು ಕೈಯಂದಾಜಿಗೆ ಬಿಡದೆ ಆ ಗಾಡಿಯ ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಇವೆಲ್ಲಕ್ಕೂ ಮೊದಲು ದೋಷ ಹ್ಯಾಂಡಲಿನದೇ ಎಂಬುದು ಖಚಿತವಾಗಬೇಕು. ಗಾಡಿ ಒಂದು ಕಡೆ ಎಳೆಯುತ್ತದೆ, ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ ಎನ್ನುವವರ ಗಾಡಿಯಲ್ಲಿ ಸವೆದಿರುವುದು ಹೆಚ್ಚಾಗಿ ಕೋನ್ ಸೆಟ್, ಅಂದರೆ ಫೋರ್ಕಿನ ತಲೆಯನ್ನು ತಿರುಗಗೊಡುವ ಬೇರಿಂಗುಗಳ ಜೋಡಿ. ಗುಂಡಿಬಿದ್ದ ದಾರಿಯಲ್ಲಿ ಇವು ಬೇಗ ಸವೆಯುತ್ತವೆ. ಅವನ್ನು ಬದಲಿಸದೆ ಹೊಸ ಹ್ಯಾಂಡಲ್ ಹಾಕಿದರೆ ಹಣ ಹೋಗಿ ತೊಂದರೆ ಉಳಿಯುತ್ತದೆ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, ಮತ್ತು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಈ ತಡೆಯನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ಕೆಎ-36 ಫಲಕದ ಗಾಡಿಯ ಒಡೆಯರು ತಯಾರಕರೇ ತಮ್ಮ ಮಾದರಿಗೆ ಒಪ್ಪಿ ಮಾರುವ ಹ್ಯಾಂಡಲನ್ನು ಮೊದಲು ನೋಡುವುದು, ಅನುಮಾನ ಬಂದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳುವುದು, ಹಳೆಯ ಹ್ಯಾಂಡಲನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಮನೆಯಲ್ಲಿ ಕಾಪಾಡುವುದು ಕ್ಷೇಮದ ದಾರಿ.

ಚೀಟಿಯ ಮೇಲಿನ ಅಂಕಿಗಳು

ಹೊಸ ಹ್ಯಾಂಡಲಿನ ಗುಣ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದರೆ ತಿಳಿಯದು. ರಾಯಚೂರಿನಿಂದ ಮಾನ್ವಿಗೆ ಹೋಗಿ ಬಂದರೆ 90 ಕಿ.ಮೀ. ಆಗುತ್ತದೆ, ನಗರದ ಇಕ್ಕಟ್ಟು, ಹೆದ್ದಾರಿಯ ಓಟ, ಕಾಲುವೆ ಸೀಮೆಯ ಕಚ್ಚು ರಸ್ತೆ ಮೂರೂ ಅದರಲ್ಲಿ ಸಿಗುತ್ತವೆ. ಹಿಂತಿರುಗಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಯಾವ ಬೆರಳು ಜುಮ್ಮೆಂದಿತು, ಭುಜದ ಯಾವ ಕಡೆ ಬಿಗಿಯಿತು ಎಂಬುದನ್ನು ನೆನಪಿರುವಾಗಲೇ ಬರೆದಿಟ್ಟು, ಹ್ಯಾಂಡಲನ್ನು ತುಸು ಉರುಳಿಸಿ ಮತ್ತೆ ಅದೇ ದಾರಿಯಲ್ಲಿ ಹೊರಡಬೇಕು. ಎರಡು ಮೂರು ಸಲದ ಈ ಓಡಾಟದಲ್ಲಿ ಮೈಗೂ ದಾರಿಗೂ ಒಪ್ಪುವ ನಿಲುವು ತಾನಾಗಿ ಸಿಗುತ್ತದೆ.

ಆ ನಿಲುವು ಸಿಕ್ಕ ದಿನ ಅಗಲ, ಏರು, ಹಿಂಬಾಗು, ವ್ಯಾಸ ಎಂಬ ನಾಲ್ಕು ಅಂಕಿಗಳನ್ನು ಚೀಟಿಯೊಂದರಲ್ಲಿ ಬರೆದು ಗಾಡಿಯ ಕಾಗದಗಳ ಜೊತೆ ಇಟ್ಟುಕೊಳ್ಳಬೇಕು. ನಾಳೆ ತಿಂಥಣಿಯ ದಾರಿಯಲ್ಲೋ ಮಸ್ಕಿಯ ಬೆಟ್ಟದ ಬುಡದಲ್ಲೋ ಗಾಡಿ ಬಿದ್ದು ಹ್ಯಾಂಡಲ್ ಬಾಗಿದರೆ, ಸಿಕ್ಕ ಊರಿನ ಬಿಡಿಭಾಗದ ಅಂಗಡಿಯಲ್ಲಿ ಒಳ್ಳೆಯದೊಂದು ಕೊಡಿ ಎಂದು ಕೇಳುವವರಿಗೆ ಅಂಗಡಿಯಲ್ಲಿ ಇರುವುದು ಸಿಗುತ್ತದೆ. ಚೀಟಿಯನ್ನು ಮುಂದಿಡುವವರಿಗೆ ತಮ್ಮ ಕೈಗೆ ಬೇಕಾದದ್ದು ಸಿಗುತ್ತದೆ.